ಪ್ರಶ್ನೋತ್ತರ: ಕಾರಿನ ಬಣ್ಣ, ಒಳಾಂಗಣ ಮತ್ತು ಟೂತ್‌ಪೇಸ್ಟ್

ನಿರ್ವಾಹಕರು: ಹದಿನೆಂಟು ವರ್ಷಗಳಿಂದ ಕಾರುಗಳ ಬಣ್ಣ ಮತ್ತು ಒಳಾಂಗಣ ಸರಿಪಡಿಸುತ್ತಿರುವ ನಮ್ಮ ಬಳಗದ ಡೀಟೇಲರ್ ಇಂದು ಸಂಜೆ ಉತ್ತರಿಸುತ್ತಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ದಯವಿಟ್ಟು ಫಾರ್ವರ್ಡ್ ವಿಡಿಯೊ ಹಾಕಬೇಡಿ.

ಬೆಳ್ಳಿ ಕಾರು: ಸರ್, ನಮಸ್ಕಾರ. ಕಾರು ತೆಗೆದುಕೊಂಡು ಮೂರು ತಿಂಗಳಾಯಿತು. ಬಣ್ಣದ ಮೇಲೆ ಸೆರಾಮಿಕ್ ಕೋಟಿಂಗ್ ಎಂಬ ರಕ್ಷಣಾ ಪದರ ಹಾಕಿಸಲೇ? 9 ಎಚ್ ಇದ್ದರೆ ಕಲ್ಲು ಸಿಡಿದರೂ ಗೀರು ಬೀಳುವುದಿಲ್ಲವಂತೆ, ನಿಜವೇ?

ಡೀಟೇಲರ್: ನಮಸ್ಕಾರ. ನಿಜವಲ್ಲ. 9 ಎಚ್ ಎಂಬುದು ಪೆನ್ಸಿಲ್ ಪರೀಕ್ಷೆಯ ಅಂಕ. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳನ್ನು ಪದರದ ಮೇಲೆ ಒತ್ತಿ ಎಳೆದು, ಯಾವುದು ಗೀರು ಬಿಡುತ್ತದೆ ಎಂದು ನೋಡುತ್ತಾರೆ. ವಜ್ರಕ್ಕೆ ಹತ್ತು ಅಂಕ ಕೊಡುವ ಖನಿಜಗಳ ಅಳತೆಯೇ ಬೇರೆ. ಎರಡನ್ನೂ ಬೆರೆಸಿ ಮಾರುವವರಿದ್ದಾರೆ. ಕೋಟಿಂಗ್‌ನ ದಪ್ಪ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟುವುದು ಅಪರೂಪ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಅಷ್ಟೇ. ಕಲ್ಲೇಟು ತಡೆಯಬೇಕಿದ್ದರೆ ಪಾರದರ್ಶಕ ರಕ್ಷಣಾ ಫಿಲ್ಮ್ ಬೇಕು. ಅದು 150ರಿಂದ 200 ಮೈಕ್ರಾನ್ ದಪ್ಪವಿರುತ್ತದೆ. ಕೋಟಿಂಗ್ ಹಾಕಿಸುವುದೇ ಆದರೆ ಮೊದಲು ಗೀರು ತೆಗೆಸಿ. ಇಲ್ಲದಿದ್ದರೆ ಗೀರುಗಳಿಗೇ ಗಾಜಿನ ಚೌಕಟ್ಟು ಹಾಕಿಸಿದಂತೆ.

ಅಪ್ಪನ ಕೆಂಪು ಕಾರು: ಸರ್, ನಮ್ಮದು 1994ರ ಕಾರು, ಗಟ್ಟಿ ಕೆಂಪು. ಆರು ವರ್ಷ ಬಿಸಿಲಿನಲ್ಲಿ ನಿಂತು ಬಾನೆಟ್ ಮತ್ತು ಮಾಡು (ಮೇಲ್ಛಾವಣಿ) ಸುಣ್ಣ ಬಳಿದ ಹಾಗೆ ನಸುಗುಲಾಬಿಯಾಗಿವೆ. ಬಾಗಿಲಿನ ಬೀಡಿಂಗ್ ಎತ್ತಿ ನೋಡಿದರೆ ಒಳಗೆ ದಾಸವಾಳದಂಥ ಕೆಂಪು ಇನ್ನೂ ಇದೆ. ನಿನ್ನೆ ಪಾಲಿಶ್ ಹಚ್ಚಿ ಉಜ್ಜಿದೆ. ಬಿಳಿ ಬಟ್ಟೆ ಪೂರ್ತಿ ಕೆಂಪಾಯಿತು. ಬಣ್ಣವೇ ಕಿತ್ತು ಬರುತ್ತಿದೆ ಎಂದು ಹೆದರಿ ನಿಲ್ಲಿಸಿದ್ದೇನೆ. ಅಪ್ಪನಿಗೆ ಈಗ ಓಡಿಸಲು ಆಗುವುದಿಲ್ಲ, ಆದರೆ ‘ಬೇರೆ ಬಣ್ಣ ಹೊಡೆಸಿದರೆ ಅದು ನನ್ನ ಕಾರಲ್ಲ’ ಎನ್ನುತ್ತಾರೆ. ಏನು ಮಾಡಲಿ?

ಡೀಟೇಲರ್: ಕಿತ್ತು ಬರುತ್ತಿಲ್ಲ. ಆದರೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಇಂಥ ಕಾರು ಈಗ ನನ್ನ ಕೈಗೆ ಬರುವುದೇ ಕಡಿಮೆ, ಹಾಗಾಗಿ ಉದ್ದ ಬರೆಯುತ್ತೇನೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರವಿರುತ್ತದೆ, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಾವು ಉಜ್ಜುವುದು ಅದನ್ನು. ಬಟ್ಟೆಗೆ ಮಾಸಲು ಬಿಳಿ ಹತ್ತುತ್ತದೆಯೇ ಹೊರತು ಕಾರಿನ ಬಣ್ಣ ಹತ್ತುವುದಿಲ್ಲ. ನಿಮ್ಮ ಬಟ್ಟೆ ಕೆಂಪಾಗಿದೆ ಎಂದರೆ ಅದು ಸಿಂಗಲ್ ಸ್ಟೇಜ್ ಪೇಂಟ್. ಬಣ್ಣ, ಹೊಳಪು ಎರಡೂ ಒಂದೇ ಪದರದಲ್ಲಿವೆ. ಬಿಸಿಲಿಗೆ ಮೇಲ್ಮೈಯ ರಾಳ ಸತ್ತು ಪುಡಿಯಾಗುತ್ತದೆ. ಬಣ್ಣದ ಕಣಗಳು ಹಿಡಿತ ತಪ್ಪಿ ಧೂಳಿನಂತೆ ಕೂರುತ್ತವೆ. ನೀವು ಸುಣ್ಣ ಎನ್ನುತ್ತಿರುವುದು ಅದನ್ನೇ. ಅದರ ಕೆಳಗೆ ಜೀವವಿರುವ ಕೆಂಪು ಇರಬೇಕು, ಆದರೆ ಎಷ್ಟಿದೆ ಎಂಬುದು ಪ್ರಶ್ನೆ. ಪಾಸ್‌ಬುಕ್ ನೋಡದೆ ಚೆಕ್ ಬರೆಯುವುದು ಬೇಡ.

ಮೊದಲು ಕಾರು ತೊಳೆದು ನೆರಳಿನಲ್ಲಿ ನಿಲ್ಲಿಸಿ. ಉಜ್ಜುಪುಡಿ ಇಲ್ಲದ, ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಎಂಬ ಪಾಲಿಶ್ ಸಿಗುತ್ತದೆ. ಮೆತ್ತನೆಯ ಟರ್ಕಿ ಬಟ್ಟೆಯಲ್ಲಿ ಅದನ್ನು ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಡಿ. ಒಣಗಿದ ಬಣ್ಣ ಅದನ್ನು ಕುಡಿಯುತ್ತದೆ. ಬೆಳಗ್ಗೆ ನೋಡಿದರೆ ಕೆಲವು ಕಡೆ ಹಚ್ಚಿದ್ದೇ ಕಾಣದಷ್ಟು ಇಂಗಿರುತ್ತದೆ. ಒರೆಸಿ, ಮತ್ತೆ ಹಚ್ಚಿ. ಉಜ್ಜುವ ಪಾಲಿಶ್‌ನ ಮಾತು ಆಮೇಲೆ, ಅದೂ ಒಂದು ಅಂಗೈಯಗಲ ಜಾಗದಲ್ಲಿ ಮಾತ್ರ. ಅಷ್ಟರೊಳಗೆ ಯಾರಿಂದಲಾದರೂ ಪೇಂಟ್ ದಪ್ಪ ಅಳೆಯುವ ಗೇಜ್ ತಂದು ಪ್ರತಿ ಭಾಗದಲ್ಲಿ ನಾಲ್ಕೈದು ಕಡೆ ಅಳೆದು ಇಲ್ಲಿ ಬರೆಯಿರಿ. ಅಂಚುಗಳನ್ನು ಬಿಡಬೇಡಿ.

ಹೊಸ ಸದಸ್ಯ: ಎಣ್ಣೆ ಕುಡಿಯುತ್ತದೆ ಎಂದಾದರೆ ಸೀಮೆಎಣ್ಣೆ ಹಚ್ಚಬಹುದಲ್ಲವೇ? ಹಳೆಯ ಡ್ರೈವರ್‌ಗಳೆಲ್ಲ ಅದರಲ್ಲೇ ಒರೆಸುತ್ತಿದ್ದರು, ಕಾರು ಫಳಫಳ ಹೊಳೆಯುತ್ತಿತ್ತು.

ಡೀಟೇಲರ್: ಬೇಡ. ಅದು ಇದ್ದ ವ್ಯಾಕ್ಸ್ ಕರಗಿಸುತ್ತದೆ, ರಬ್ಬರ್ ಉಬ್ಬಿಸುತ್ತದೆ, ಜಿಡ್ಡು ಉಳಿಸಿ ಧೂಳನ್ನು ಕರೆಯುತ್ತದೆ. ಆ ಧೂಳನ್ನು ಮರುದಿನ ಒಣಬಟ್ಟೆಯಲ್ಲಿ ಒರೆಸುತ್ತೀರಿ. ಮತ್ತೆ ನನ್ನ ಬಳಿ ಬರುತ್ತೀರಿ. ಬೆಂಕಿಯ ಅಪಾಯವನ್ನು ನಾನು ಬೇರೆ ಹೇಳಬೇಕಾಗಿಲ್ಲ.

ನೀಲಿ ಹ್ಯಾಚ್‌ಬ್ಯಾಕ್: ಸರ್, ಯಾವ ಸೆರಾಮಿಕ್ ಕೋಟಿಂಗ್ ಒಳ್ಳೆಯದು?

ಡೀಟೇಲರ್: ಮೇಲೆ ಹೇಳಿದ್ದೇನೆ. ಸೀಸೆಯ ಹೆಸರಿಗಿಂತ ಹಚ್ಚುವವರ ಕೈ ಮುಖ್ಯ.

ಅನುಭವಸ್ಥ: ಹೆಡ್‌ಲೈಟ್ ಹಳದಿಯಾಗಿದ್ದರೆ ಟೂತ್‌ಪೇಸ್ಟ್ ಹಾಕಿ ಉಜ್ಜಿ, ಹತ್ತು ನಿಮಿಷದಲ್ಲಿ ಹೊಸದಾಗುತ್ತದೆ. ನಾನೇ ಮಾಡಿದ್ದೇನೆ. ಇನ್ನೂ ಬೇಗ ಆಗಬೇಕಾದರೆ ಸೊಳ್ಳೆ ಓಡಿಸುವ ಸ್ಪ್ರೇ. ವಿಡಿಯೊ ಹಾಕಿದ್ದೇನೆ.

ಡೀಟೇಲರ್: ವಿಡಿಯೊ ಬೇಡ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ಟೂತ್‌ಪೇಸ್ಟ್‌ನಲ್ಲಿ ಹಲ್ಲುಜ್ಜುವ ಪುಡಿ ಇದೆ, ಹಾಗಾಗಿ ಹಳದಿ ಹೋಗುತ್ತದೆ, ಒಪ್ಪುತ್ತೇನೆ. ಅದರ ಜೊತೆ ಅಳಿದುಳಿದ ರಕ್ಷಣಾ ಪದರವೂ ಹೋಗುತ್ತದೆ. ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್. ಅತಿನೇರಳೆ ಕಿರಣ ತಡೆಯುವ ಪದರವಿಲ್ಲದಿದ್ದರೆ ಅದು ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಈ ಸಲ ಇನ್ನೂ ಬೇಗ. ಸೊಳ್ಳೆ ಸ್ಪ್ರೇಯ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನೇ ಮೆತ್ತಗಾಗಿಸುತ್ತದೆ. ವಿಡಿಯೊದಲ್ಲಿ ಹೊಳೆಯುತ್ತಿರುವುದು ಕರಗುತ್ತಿರುವ ಪ್ಲಾಸ್ಟಿಕ್. ಆ ಸ್ಪ್ರೇ ಬಂಪರ್ ಮೇಲೆ ಸೋರಿದರೆ ಬಣ್ಣವೂ ಹಾಳು. ಸರಿಯಾದ ಕೆಲಸ ಬೇಕಾದವರು 800, 1500, 2000, 3000 ಹೀಗೆ ಒರಟಿನಿಂದ ನಯಕ್ಕೆ ಹೋಗುವ ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಅತಿನೇರಳೆ ತಡೆಯುವ ಕ್ಲಿಯರ್ ಹೊಡೆಸಿ. ಕೊನೆಯದನ್ನು ಬಿಟ್ಟರೆ ಮೊದಲಿನದೆಲ್ಲ ವ್ಯರ್ಥ.

ಅನುಭವಸ್ಥ: ನನ್ನದು ಎರಡು ವರ್ಷವಾಯಿತು, ಏನೂ ಆಗಿಲ್ಲ.

ಕಪ್ಪು ಸೆಡಾನ್: ರಾತ್ರಿ ಕಾರು ಓಡಿಸುತ್ತೀರಾ?

ಅನುಭವಸ್ಥ: ನಿಮ್ಮನ್ನು ಕೇಳಲಿಲ್ಲ.

ಚರ್ಮದ ಸೀಟು: ಮೇಡಂ ಒಬ್ಬರು ಹೇಳಿದರು, ಸೀಟಿಗೆ ಹತ್ತಿದ ಜೀನ್ಸ್‌ನ ನೀಲಿಗೆ ಬಿಳಿ ಮ್ಯಾಜಿಕ್ ಸ್ಪಂಜು ಒಳ್ಳೆಯದಂತೆ. ಹೌದೇ ಸರ್? ಸ್ಟಿಯರಿಂಗ್ ಚರ್ಮ ಸುಲಿಯುತ್ತಿರುವುದಕ್ಕೂ ಏನಾದರೂ ಹೇಳಿ.

ಡೀಟೇಲರ್: ಆ ಸ್ಪಂಜು ಮೆಲಮೈನ್, ಅಂದರೆ ಬಹಳ ನಯವಾದ ಉಜ್ಜು ಕಾಗದ. ಈಗಿನ ಕಾರುಗಳ ಚರ್ಮದ ಮೇಲೆ ಬಣ್ಣ, ಅದರ ಮೇಲೆ ತೆಳುವಾದ ಪಾಲಿಯುರೆಥೇನ್ ಪದರವಿರುತ್ತದೆ. ನೀಲಿ ಹತ್ತಿರುವುದು ಆ ಪದರಕ್ಕೆ. ಸ್ಪಂಜು ನೀಲಿಯ ಜೊತೆ ಪದರವನ್ನೂ ತೆಗೆಯುತ್ತದೆ, ಮುಂದಿನ ಸಲ ನೀಲಿ ನೇರ ಒಳಗೇ ಇಳಿಯುತ್ತದೆ. ಚರ್ಮದ ಕ್ಲೀನರ್, ಮೆತ್ತನೆಯ ಬ್ರಷ್, ತಾಳ್ಮೆ.

ಭಾನುವಾರದ ತೊಳೆತ: ಕಾರಿನ ಮೇಲೆ ಜೇಡರಬಲೆಯಂತೆ ಸುತ್ತು ಸುತ್ತು ಗೀರುಗಳಿವೆ. ಬಿಸಿಲಿನಲ್ಲಿ ಮಾತ್ರ ಕಾಣುತ್ತವೆ. ನಾನು ಸುತ್ತಿಸಿ ಒರೆಸುವುದೇ ಇಲ್ಲ.

ಡೀಟೇಲರ್: ಗೀರುಗಳು ಎಲ್ಲ ದಿಕ್ಕಿಗೂ ಇವೆ. ಬೆಳಕಿನ ಬಿಂದುವಿನ ಸುತ್ತ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ವೃತ್ತದಂತೆ ಕಾಣುತ್ತವೆ. ಕಾರಣ ಮರಳು. ಮೊದಲು ನೀರಿನಲ್ಲೇ ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕಾರು ತೊಳೆಯುವ ಕೈಗವಸು ಜಾಲಿಸಲು ಬರೀ ನೀರು. ಚಕ್ರಕ್ಕೆ ಬೇರೆ ಬಟ್ಟೆ.

ಒಂದೇ ಬಕೆಟ್: ಇಪ್ಪತ್ತು ವರ್ಷದಿಂದ ಒಂದೇ ಬಕೆಟ್, ಒಂದೇ ಹಳೆಯ ಬನಿಯನ್. ನನ್ನ ಕಾರಿಗೆ ಏನೂ ಆಗಿಲ್ಲ.

ಕಪ್ಪು ಸೆಡಾನ್: ನಿಮ್ಮ ಕಾರು ಬಿಳಿಯೇ?

ಒಂದೇ ಬಕೆಟ್: ಹೌದು. ಅದಕ್ಕೇನು?

ಕಪ್ಪು ಸೆಡಾನ್: ಅದಕ್ಕೇ ಏನೂ ಆಗಿಲ್ಲ. ಆಗಿದೆ, ಕಾಣುತ್ತಿಲ್ಲ.

ಒಂದೇ ಬಕೆಟ್: ಕಾಣದ ಗೀರಿಗೆ ಎರಡನೇ ಬಕೆಟ್ ನೀರು ಸುರಿಯುವುದು ಯಾವ ಜಾಣತನ? ನೀರಿಗೆ ಬೆಲೆಯಿಲ್ಲವೇ?

ಕಪ್ಪು ಸೆಡಾನ್: ಪೈಪು ಬಿಟ್ಟು ತೊಳೆಯುವವರಿಗೆ ಹೇಳಿ. ಎರಡು ಬಕೆಟ್ ಅದರ ಮುಂದೆ ಏನೂ ಅಲ್ಲ.

ಒಂದೇ ಬಕೆಟ್: ನಾನು ಪೈಪು ಬಳಸುತ್ತೇನೆ ಎಂದು ನಿಮಗೆ ಯಾರು ಹೇಳಿದರು?

ನಿರ್ವಾಹಕರು: ಇಬ್ಬರೂ ಸಾಕು ಮಾಡಿ.

ಒದ್ದೆ ಕಾರ್ಪೆಟ್: ಮುಂದಿನ ಎಡ ಸೀಟಿನ ಕಾಲಡಿ ಯಾವಾಗಲೂ ಒದ್ದೆ, ಮುಗ್ಗಲು ವಾಸನೆ. ಮೂರು ಸಲ ಶಾಂಪೂ ಹಾಕಿಸಿದೆ. ವಾಸನೆ ಮರಳಿ ಬರುತ್ತದೆ.

ಡೀಟೇಲರ್: ಶಾಂಪೂ ಹಾಕಿಸಿ ನೀರನ್ನು ಇನ್ನಷ್ಟು ಸೇರಿಸಿದ್ದೀರಿ. ಕಾರ್ಪೆಟ್ಟಿನ ಕೆಳಗೆ ದಪ್ಪ ಫೋಮ್ ಇದೆ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಮೊದಲು ನೀರು ಎಲ್ಲಿಂದ ಎಂದು ಹುಡುಕಿ. ಎ.ಸಿ. ಓಡಿಸಿದ ದಿನ ಮಾತ್ರ ಒದ್ದೆಯಾದರೆ ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿದೆ. ಮಳೆ ಬಂದಾಗ ಆದರೆ ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿರಬಹುದು, ಸನ್‌ರೂಫ್ ಇದ್ದರೆ ಅದರ ಕೊಳವೆಯನ್ನೂ ನೋಡಿ. ನೀರು ಜಿಡ್ಡುಜಿಡ್ಡಾಗಿ ಸಿಹಿ ವಾಸನೆ ಇದ್ದು, ಗಾಜಿನ ಒಳಗೆ ಮಂಕು ಹತ್ತುತ್ತಿದ್ದರೆ ಅದು ಎಂಜಿನ್ ತಂಪಾಗಿಸುವ ಕೂಲಂಟ್. ಮೆಕ್ಯಾನಿಕ್ ಬಳಿ ಹೋಗಿ, ನನ್ನ ಬಳಿ ಅಲ್ಲ. ಕಾರ್ಪೆಟ್ ಎತ್ತಿಸದೆ ಒಣಗುವುದಿಲ್ಲ. ಸೀಟು ಬಿಚ್ಚುವಾಗ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು.

ಅಪ್ಪನ ಕೆಂಪು ಕಾರು: ಸರ್, ಗೇಜ್ ಸಿಕ್ಕಿತು. ಮಾಡು 105, ಡಿಕ್ಕಿ 110, ಎಡ ಫೆಂಡರ್ 290, ಬಾನೆಟ್ ಮಧ್ಯ 85, ಬಾನೆಟ್‌ನ ಮುಂದಿನ ಅಂಚು 58. ನಾಳೆ ಸ್ನೇಹಿತ ರೋಟರಿ ಪಾಲಿಶ್ ಯಂತ್ರ ತರುತ್ತಾನೆ, ಒಂದೇ ದಿನದಲ್ಲಿ ಮುಗಿಸೋಣ ಎನ್ನುತ್ತಾನೆ.

ಡೀಟೇಲರ್: ಯಂತ್ರ ತರುವುದು ಬೇಡ ಎಂದು ಈಗಲೇ ಫೋನ್ ಮಾಡಿ. ಮಾಡಿದ ಮೇಲೆ ಮುಂದೆ ಓದಿ.

ಗೇಜ್ ಲೋಹದ ಮೇಲಿನ ಒಟ್ಟು ದಪ್ಪವನ್ನು ಹೇಳುತ್ತದೆ, ಯಾವ ಪದರ ಎಷ್ಟು ಎಂದು ಹೇಳುವುದಿಲ್ಲ. ಎಡ ಫೆಂಡರ್ 290 ಎಂದರೆ ಅದಕ್ಕೆ ಎಂದೋ ಮರುಬಣ್ಣ ಆಗಿದೆ, ಅಪ್ಪನನ್ನು ಕೇಳಿ ನೋಡಿ. ಉಳಿದ ಕಡೆ ಕಾರ್ಖಾನೆಯ ಬಣ್ಣ. ಲೋಹಕ್ಕೆ ಅಂಟಿದ ತುಕ್ಕುನಿರೋಧಕ ಪದರ ಸುಮಾರು 20, ಅದರ ಮೇಲೆ ಪ್ರೈಮರ್ ಸುಮಾರು 30 ಎಂದು ಹಿಡಿಯಿರಿ. ಆ 50 ಕಳೆದರೆ ಮಾಡಿನ ಮೇಲೆ ಕೆಂಪು ಬಣ್ಣವೇ 50ಕ್ಕೂ ಹೆಚ್ಚಿದೆ, ಚಿಂತೆಯಿಲ್ಲ. ಬಾನೆಟ್ ಮಧ್ಯದಲ್ಲಿ 35. ಮುಂದಿನ ಅಂಚಿನಲ್ಲಿ ಉಳಿದಿರುವುದು ಎಂಟು ಮೈಕ್ರಾನ್ ಮಾತ್ರ. ಒಂದು ಕೂದಲೆಳೆಯೇ ಸುಮಾರು 70 ಮೈಕ್ರಾನ್ ಇರುತ್ತದೆ. ಕಾಂಪೌಂಡ್ ಎಂಬ ಒರಟು ಪಾಲಿಶ್‌ನ ಒಂದು ಸುತ್ತಿಗೆ ಎರಡು ಮೂರು ಮೈಕ್ರಾನ್ ಹೋಗುತ್ತದೆ, ಸತ್ತ ಬಣ್ಣದಲ್ಲಿ ಇನ್ನೂ ಹೆಚ್ಚು. ರೋಟರಿ ಒಂದೇ ಅಕ್ಷದಲ್ಲಿ ತಿರುಗಿ ಬಿಸಿಯೇರಿಸುತ್ತದೆ. ಅಂಚಿನ ಮೇಲೆ ಅದರ ಪೂರ್ತಿ ಒತ್ತಡ ಒಂದು ಗೆರೆಯ ಮೇಲೆ ಬೀಳುತ್ತದೆ. ಎರಡು ಕ್ಷಣ ಸಾಕು. ಕಲಿಯುವಾಗ ನಾನೇ ಒಬ್ಬರ ಬಾಗಿಲಿನ ಅಂಚು ಹೀಗೆ ಸುಟ್ಟಿದ್ದೇನೆ. ಅಡಿಯ ಪ್ರೈಮರ್‌ನ ಬೂದು ಗೆರೆ ಕಂಡ ಮೇಲೆ ಯಾವ ಪಾಲಿಶ್ ಕೂಡ ಅದನ್ನು ತುಂಬಲಾರದು.

ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಾನೆಟ್ ಮಧ್ಯ ಮತ್ತು ಮಾಡಿಗೆ ಗ್ಲೇಜ್ ಎರಡು ಸಲ, ಆಮೇಲೆ ಅತಿ ನಯವಾದ ಪಾಲಿಶ್ ಕೈಯಿಂದ, ನೇರ ಗೆರೆಯಲ್ಲಿ. ಕೆಂಪು ಮರಳಿದ ಕೂಡಲೇ ನಿಲ್ಲಿಸಿ; ಇನ್ನೂ ಸ್ವಲ್ಪ ಎಂಬ ಆಸೆ ಬೇಡ. ಕೊನೆಗೆ ವ್ಯಾಕ್ಸ್. ಒಂದು ಪ್ರಶ್ನೆ: ಅಪ್ಪ ದಿನಾ ಕಾರು ಒರೆಸುತ್ತಿದ್ದರೇ?

ಅಪ್ಪನ ಕೆಂಪು ಕಾರು: ಹೌದು ಸರ್! ಬೆಳಗ್ಗೆ ಎದ್ದ ಕೂಡಲೇ, ಒಣಬಟ್ಟೆಯಲ್ಲಿ. ಬಾನೆಟ್ ಮುಂದೆ ನಿಂತು ಅಲ್ಲಿಂದಲೇ ಶುರು.

ಡೀಟೇಲರ್: ಹಾಗಾದರೆ ಆ ಅಂಚು ಎಲ್ಲಿ ಹೋಯಿತೆಂದು ಗೊತ್ತಾಯಿತು.

ಹಸಿರು ಎಸ್‌ಯುವಿ: ಪಕ್ಷಿ ಹಿಕ್ಕೆಯ ಕಲೆ ಹೋಗುತ್ತಿಲ್ಲ. ಕ್ಲೇ ಬಾರ್ (ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಹಾಕಲೇ?

ಡೀಟೇಲರ್: ಕ್ಲೇ ಮೇಲೆ ಅಂಟಿದ್ದನ್ನು ಎತ್ತುತ್ತದೆ. ನಿಮ್ಮದು ಆಮ್ಲ ಕೊರೆದ ಗುಳಿ. ಪಾಲಿಶ್‌ಗೆ ಹೋದರೆ ಸರಿ, ಆಳವಾಗಿದ್ದರೆ ಬಿಡಿ. ಇನ್ನು ಮುಂದೆ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ, ಉಜ್ಜಬೇಡಿ.

ಬೆಳ್ಳಿ ಕಾರು: ಸರ್, ಕೋಟಿಂಗ್ ಹಾಕಿಸಿದ ಮೇಲೆ ತೊಳೆಯದೇ ಇರಬಹುದಲ್ಲವೇ?

ಡೀಟೇಲರ್: ಇಲ್ಲ.

ಹೊಸ ಸದಸ್ಯ: ಮಾಡಿನಲ್ಲಿ ಬಿಳಿ ಬಿಳಿಯಾಗಿ ಸಿಪ್ಪೆ ಏಳುತ್ತಿದೆ, ಯಾವ ಪಾಲಿಶ್?

ಡೀಟೇಲರ್: ಕ್ಲಿಯರ್ ಕೋಟ್ ಬಿಟ್ಟಿದೆ. ಪಾಲಿಶ್ ಇಲ್ಲ. ಪೇಂಟರ್.

ಅನುಭವಸ್ಥ: ಎಲ್ಲದಕ್ಕೂ ಬೇಡ, ಇಲ್ಲ, ಆಗುವುದಿಲ್ಲ. ವ್ಯಾಪಾರ ಬೇಕಲ್ಲ, ಅದಕ್ಕೇ ಮನೆಯಲ್ಲಿ ಮಾಡಬೇಡಿ ಎನ್ನುತ್ತಾರೆ.

ಡೀಟೇಲರ್: ಮೇಲೆ ಒಬ್ಬರಿಗೆ ಕಾರು ಮನೆಯಲ್ಲೇ, ಕೈಯಿಂದಲೇ ಸರಿಮಾಡುವುದನ್ನು ಪುಟಗಟ್ಟಲೆ ಬರೆದಿದ್ದೇನೆ. ಓದಿ ಮಾತಾಡಿ.

ನಿರ್ವಾಹಕರು: ಇವತ್ತಿಗೆ ಹೊಸ ಪ್ರಶ್ನೆ ಬೇಡ. ಕೆಂಪು ಕಾರಿನವರು ಮಾತ್ರ ಫಲಿತಾಂಶ ಬರೆಯಬಹುದು.

ಅಪ್ಪನ ಕೆಂಪು ಕಾರು: (ಮೂರನೇ ದಿನ) ಮಾಡು, ಬಾನೆಟ್ ಮಧ್ಯ ಎರಡೂ ಕೆಂಪಾದವು ಸರ್. ಬೀಡಿಂಗ್ ಒಳಗಿನಷ್ಟಲ್ಲ, ಆದರೆ ಹತ್ತಿರ. ಟೇಪ್ ತೆಗೆದಾಗ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಬೂದು ಕಂಡಿತು. ಅಲ್ಲಿ ನಾವು ಮುಟ್ಟಿರಲಿಲ್ಲ, ಗುಲಾಬಿ ಪುಡಿಯಡಿ ಮೊದಲೇ ಇತ್ತೆಂದು ಕಾಣುತ್ತದೆ. ಫೆಂಡರ್ ಬಗ್ಗೆ ಕೇಳಿದೆ, ಅಪ್ಪ ಉತ್ತರ ಕೊಡದೆ ನಕ್ಕರು. ಈಗ ತಾವೇ ದಿನಾ ಒರೆಸುತ್ತೇನೆ ಎಂದು ಬಟ್ಟೆ ಹಿಡಿದು ಕೂತಿದ್ದಾರೆ.

ಡೀಟೇಲರ್: ಬೂದು ಕಂಡದ್ದು ಪ್ರೈಮರ್. ಅದು ನೀರು ಹೀರುತ್ತದೆ, ಬಿಟ್ಟರೆ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಲಿನ ವ್ಯಾಕ್ಸ್ ಒರೆಸಿ ತೆಗೆದು, ಅದೇ ಕೆಂಪಿನ ಟಚ್‌ಅಪ್ ಬಣ್ಣವನ್ನು ಸಣ್ಣ ಕುಂಚದಲ್ಲಿ ತೆಳುವಾಗಿ ಎರಡು ಮೂರು ಸಲ ಇಡಿ. ಹತ್ತಿರದಿಂದ ನೋಡಿದರೆ ಕಾಣುತ್ತದೆ, ಕಾಣಲಿ. ಅಪ್ಪನ ಕೈಯಿಂದ ಒಣಬಟ್ಟೆ ತೆಗೆದುಕೊಂಡು ಮೈಕ್ರೋಫೈಬರ್ ಬಟ್ಟೆ ಮತ್ತು ಒಂದು ಮಗ್ ಶಾಂಪೂ ನೀರು ಕೊಡಿ. ಬಾಗಿಲುಗಳನ್ನು ಒರೆಸಲಿ. ಬಾನೆಟ್ ನೀವು ನೋಡಿಕೊಳ್ಳಿ.