ಅಪ್‌ಡೇಟ್: ರುಬಿಡಿಯಂ ರೇಖೆಗೆ ಲಾಕ್ ಮಾಡಿದ ಲೇಸರ್ ಈಗ ಸ್ಥಿರವಾಗಿದೆ

ಪಿಎಚ್‌ಡಿ ಪ್ರಯೋಗದಲ್ಲಿ 780 ನ್ಯಾನೋಮೀಟರ್ ಡಯೋಡ್ ಲೇಸರನ್ನು ರುಬಿಡಿಯಂ ಪರಮಾಣುವಿನ ರೇಖೆಗೆ (ಅಂದರೆ ಆ ಪರಮಾಣು ಬೆಳಕನ್ನು ಹೀರುವ ನಿರ್ದಿಷ್ಟ ಆವರ್ತನಕ್ಕೆ) ಲಾಕ್ ಮಾಡಿದರೂ ಅದರ ಆವರ್ತನ ಮತ್ತೆ ಮತ್ತೆ ಜಿಗಿಯುವುದೇಕೆ ಎಂದು ಹಿಂದೆ ಕೇಳಿದ್ದೆ. ತಾಪಮಾನ ನಿಯಂತ್ರಕವನ್ನು ಬದಲಿಸುವ ಮೊದಲು, ಗಾಜಿನ ಮೇಲ್ಮೈಗಳಿಂದ ಪ್ರತಿಫಲಿಸಿದ ಬೆಳಕು ಲೇಸರಿಗೇ ಮರಳುತ್ತಿದೆಯೇ ಎಂದು ಪರೀಕ್ಷಿಸುವಂತೆ ತಮ್ಮಲ್ಲೊಬ್ಬರು ಸೂಚಿಸಿದ್ದರು. ಕಾರಣ ಅದೇ ಆಗಿತ್ತು. ರುಬಿಡಿಯಂ ಆವಿ ತುಂಬಿದ ಗಾಜಿನ ಕೊಳವೆಯನ್ನು ಕೊಂಚ ಓರೆಯಾಗಿಸಿ, ಲೇಸರಿನ ಮುಂದೆ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಸಾಗಲು ಬಿಡುವ ಸಾಧನ) ಇಟ್ಟ ಮೇಲೆ, ಮೇಜನ್ನು ಬೆರಳಿನಿಂದ ತಟ್ಟಿದರೂ ಆಸಿಲೋಸ್ಕೋಪಿನ ಪರದೆಯಲ್ಲಿ ಆ ರೇಖೆಗಳನ್ನು ತೋರಿಸುವ ಶಿಖರಗಳು ಕದಲುತ್ತಿಲ್ಲ. ಡಾಪ್ಲರ್ ಪರಿಣಾಮದಿಂದ (ಪರಮಾಣುಗಳ ಚಲನೆಯಿಂದಾಗುವ ಆವರ್ತನ ಬದಲಾವಣೆಯಿಂದ) ಸುಮಾರು 500 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಳ್ಳುವ ಹೀರಿಕೆಯೊಳಗೆ, ಸಹಜ ಅಗಲ ಸುಮಾರು 6 ಮೆಗಾಹರ್ಟ್ಸ್ ಮಾತ್ರವಿರುವ ರೇಖೆಗಳು ಬಿಡಿಬಿಡಿಯಾಗಿ ಕಾಣುವುದು ನಿಜಕ್ಕೂ ಸಂತೋಷದ ಸಂಗತಿ. ಎತ್ತರವಾಗಿ ಕಾಣುವ ಕ್ರಾಸ್‌ಓವರ್ ಶಿಖರವನ್ನೇ (ಎರಡು ರೇಖೆಗಳ ನಟ್ಟನಡುವೆ ಮೂಡುವ ಶಿಖರ) ಲಾಕಿಗೆ ಆರಿಸಿಕೊಂಡಿದ್ದೇನೆ. ಸಲಹೆ ನೀಡಿದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಇನ್ನು ದೀರ್ಘಾವಧಿಯ ಸ್ಥಿರತೆಯನ್ನು ಅಳೆಯಬೇಕಿದೆ.