‘20ಕ್ಕೆ ಏರಿದರೆ’ ಸರಿಯೇ? ಕರುಳಿನ ಉಸಿರು ಪರೀಕ್ಷೆಯ ಕನ್ನಡ

ಗೆಳೆಯರೇ,

ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿದೆಯೇ ಎಂದು ನೋಡುವ ಉಸಿರು ಪರೀಕ್ಷೆಯ ಬಗ್ಗೆ ರೋಗಿಗಳಿಗೆ ಕೊಡುವ ಕನ್ನಡ ಕೈಪಿಡಿಯೊಂದರ ಕರಡು ನೋಡುತ್ತಿದ್ದೇನೆ. ಅದರಲ್ಲಿ ಒಂದು ಸಾಲು: ‘90 ನಿಮಿಷದೊಳಗೆ ಹೈಡ್ರೋಜನ್ 20 ಪಿಪಿಎಂಗೆ ಏರಿದರೆ ಪಾಸಿಟಿವ್.’ (ಸಕ್ಕರೆ ನೀರು ಕುಡಿಸಿ, ಬ್ಯಾಕ್ಟೀರಿಯಾ ಅದನ್ನು ಹುದುಗಿಸಿದಾಗ ಬರುವ ಗ್ಯಾಸನ್ನು ಉಸಿರಿನಲ್ಲಿ ಅಳೆಯುತ್ತಾರೆ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕ.) ನನ್ನ ಪ್ರಶ್ನೆ ಆ ‘ಗೆ’ ಬಗ್ಗೆ.

ಉತ್ತರ ಅಮೆರಿಕದ ತಜ್ಞರು 2017ರಲ್ಲಿ ಒಮ್ಮತದಿಂದ ಕೊಟ್ಟ ಅಳತೆಗೋಲಿನಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಉಸಿರಿಗಿಂತ ಎಷ್ಟು ಜಾಸ್ತಿಯಾಯಿತು ಎಂಬುದು. ಗ್ಲೂಕೋಸ್ ನೀರು ಕುಡಿಯುವ ಮುಂಚೆ 12 ಇತ್ತು, ಒಂದು ಗಂಟೆಗೆ 24 ಆಯಿತು ಎನ್ನಿ. 20 ದಾಟಿದ್ದು ನಿಜ. ಆದರೆ ಏರಿದ್ದು 12 ಮಾತ್ರ, ಹಾಗಾಗಿ ಪಾಸಿಟಿವ್ ಅಲ್ಲ. ಅದೇ 3ರಿಂದ 24ಕ್ಕೆ ಹೋಗಿದ್ದರೆ 21 ಏರಿದಂತೆ, ಅದು ಪಾಸಿಟಿವ್. ವರದಿ ಕೈಯಲ್ಲಿ ಹಿಡಿದು ಓದುವವರು ಒಂದು ಪ್ರತ್ಯಯದಿಂದಾಗಿ ಸುಮ್ನೆ ಗಾಬರಿಯಾಗಬಾರದು ಅಲ್ವಾ?

‘20ರಷ್ಟು ಏರಿದರೆ’ ಎಂದು ಬರೆಯಬಹುದು. ಆದರೆ ‘ಶೇ 20ರಷ್ಟು’ ಎಂದು ಪತ್ರಿಕೆಯಲ್ಲಿ ದಿನಾ ಓದುವ ಕಣ್ಣಿಗೆ ಅದೂ ಶೇಕಡಾ ಲೆಕ್ಕದಂತೆ ಕಾಣುತ್ತದೇನೋ ಎಂಬ ಅಳುಕು. ನನ್ನ ಒಲವು ‘ಮೊದಲ ಉಸಿರಿನ ಅಂಕಿಗಿಂತ 20 ಅಥವಾ ಇನ್ನೂ ಜಾಸ್ತಿ ಏರಿದರೆ’ ಎಂಬುದರ ಕಡೆಗೆ. ಉದ್ದವಾಯಿತು, ಆದರೆ ತಪ್ಪು ಓದಲು ಜಾಗವಿಲ್ಲ.

ಇದೇ ಪರೀಕ್ಷೆಯಲ್ಲಿ ಅಳೆಯುವ ಇನ್ನೊಂದು ಗ್ಯಾಸ್ ಮೀಥೇನ್‌ಗೆ ‘ಏರು’ ಹೊಂದುವುದೇ ಇಲ್ಲ. ಯಾವ ಹೊತ್ತಿನಲ್ಲಾದರೂ 10 ಪಿಪಿಎಂ ಇದ್ದರೆ ಸಾಕು, ಮೊದಲ ಉಸಿರಿನಲ್ಲೇ ಇದ್ದರೂ ಸರಿ. ಅಲ್ಲಿ ‘ಮುಟ್ಟಿದರೆ’ ಎನ್ನೋಣವೇ?

ಇನ್ನೊಂದು ಪದ ‘ಅತಿಬೆಳವಣಿಗೆ’. ಹೊಟ್ಟೆಯಲ್ಲಿ ಏನೋ ಬೆಳೆದಿದೆ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಗಡ್ಡೆ. ‘ಹೆಚ್ಚಳ’ ಸಾಕು ಅನಿಸುತ್ತದೆ. ಮೀಥೇನ್ ಮಾಡುವ ಜೀವಿಗಳು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು. ಆದ್ದರಿಂದ ಎರಡಕ್ಕೂ ಒಪ್ಪುವಂತೆ ‘ಸೂಕ್ಷ್ಮಜೀವಿಗಳ ಹೆಚ್ಚಳ’ ಎನ್ನಬಹುದು.

ಕೊನೆಯದು ‘ಪಾಸಿಟಿವ್’. ಕೋವಿಡ್ ಆದ ಮೇಲೆ ಈ ಪದ ಕೇಳಿದರೆ ಕಾಯಿಲೆ ಖಚಿತ ಎಂದೇ ಅರ್ಥ. ಇಲ್ಲಿ ಹಾಗಲ್ಲ. ಗ್ಲೂಕೋಸ್ ಬದಲು ಲ್ಯಾಕ್ಟುಲೋಸ್ ಎಂಬ ಸಕ್ಕರೆ ಕೊಟ್ಟು ಮಾಡುವುದೂ ಉಂಟು. ಅದು ಸಣ್ಣ ಕರುಳಿನಲ್ಲಿ ಹೀರಿಕೆಯಾಗುವುದಿಲ್ಲ. ಕೆಲವರಲ್ಲಿ ಬೇಗನೆ ದೊಡ್ಡ ಕರುಳಿಗೆ ಇಳಿದುಬಿಡುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಇರಬೇಕಾದ್ದೇ, ಗ್ಯಾಸ್ ಏರುವುದೂ ಸಹಜ. ಇನ್ನು ಗ್ಲೂಕೋಸ್ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಿಕೆಯಾಗುವುದರಿಂದ ಅದರ ಕೆಳಭಾಗದಲ್ಲಿರುವ ಹೆಚ್ಚಳ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಹಾಗಾಗಿ ‘ನೀವು ಪಾಸಿಟಿವ್’ ಬೇಡ, ‘ಪರೀಕ್ಷೆಯಲ್ಲಿ ಹೆಚ್ಚಳದ ಸೂಚನೆ ಇದೆ’ ಎಂದು ಬರೆಯಬೇಕೆಂದಿದ್ದೇನೆ. ‘ಸೂಚನೆ’ ಎಂದರೆ ‘ಹೀಗೆ ಮಾಡಿ’ ಎಂಬ ಅರ್ಥವೂ ಬರುತ್ತದಲ್ಲ, ‘ಸುಳಿವು’ ಒಳ್ಳೆಯದೋ? ಲ್ಯಾಬಿನಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ರೋಗಿಗಳಿಗೆ ಹೇಗೆ ಹೇಳುತ್ತೀರಿ, ತಿಳಿಸಿ.