ಅಪ್‌ಡೇಟ್: ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ನಮ್ಮ ಪ್ರಾಜೆಕ್ಟ್ ಆಯ್ಕೆಯಾಯ್ತು

ಮೂರೇ ಜನ ನೋಡಿಕೊಳ್ಳುವ ನಮ್ಮ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ಪ್ರಾಜೆಕ್ಟ್ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಸೇರಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹೊಸಬರು ಇಂಥ ಪ್ರಾಜೆಕ್ಟ್‌ಗಳಿಗೆ ಮೆಂಟರ್ (ಮಾರ್ಗದರ್ಶಕ) ಜೊತೆ ಕೋಡ್ ಬರೆಯುವ ಗೂಗಲ್‌ನ ಕಾರ್ಯಕ್ರಮ ಅದು. ಅರ್ಜಿಗಿಂತ ಮೊದಲು ಐಡಿಯಾ ಪಟ್ಟಿ, ಅಂದರೆ ಹೊಸಬರು ಮಾಡಬಹುದಾದ ಕೆಲಸಗಳ ಪಟ್ಟಿ, ಸರಿ ಮಾಡಿ ಅಂದಿದ್ದಿರಿ. ನಿಜವಾದ ಕೆಲಸ ಅಲ್ಲೇ ಇತ್ತು.

ನಮ್ಮ ಹಳೇ ಪಟ್ಟಿಯಲ್ಲಿ 'ಹುಡುಕಾಟ ವೇಗ ಮಾಡುವುದು' ಅಂತ ಒಂದೇ ಸಾಲು. ಹೊಸಬರಿಗೆ ಅದರಿಂದ ಏನು ತಿಳಿಯುತ್ತೆ? ಈಗ ಯಾವ ಫೈಲ್‌ನಿಂದ ಶುರು, ಕೊನೆಗೆ ಏನು ಸಿಗಬೇಕು, ಏನೇನು ಗೊತ್ತಿರಬೇಕು, ಎಷ್ಟು ಕಷ್ಟ, ಮೆಂಟರ್ ಯಾರು, ಎಲ್ಲವೂ ಇದೆ. ಪ್ರಾಜೆಕ್ಟ್‌ಗಳಿಗೆ 90, 175, 350 ಗಂಟೆ ಅಂತ ಮೂರು ಅಳತೆ ಇವೆ. ದೊಡ್ಡದಾಗಿ ಬರೆದಿದ್ದ ಕೆಲಸವನ್ನು ಒಡೆದು 175ಕ್ಕೆ ಇಳಿಸಿದೆವು. ಮೂರೇ ಜನ ಇರುವಾಗ ಅದೇ ಸರಿ ಅನ್ನಿಸಿತು.

ಆಮೇಲೆ ಗೆಳತಿಯೊಬ್ಬಳು ಹೊಸ ಲ್ಯಾಪ್‌ಟಾಪ್‌ನಲ್ಲಿ ನಮ್ಮ ರೀಡ್‌ಮೀ (ಸೂಚನೆಗಳಿರುವ ಫೈಲ್) ನೋಡಿಕೊಂಡೇ ಬಿಲ್ಡ್ ಮಾಡಲು, ಅಂದರೆ ಕೋಡ್‌ನಿಂದ ಪ್ರೋಗ್ರಾಂ ತಯಾರಿಸಲು, ಕೂತಳು. ಮೂರನೇ ಕಮಾಂಡ್‌ಗೇ ನಿಂತುಹೋಯ್ತು. ನಮ್ಮೆಲ್ಲರ ಯಂತ್ರದಲ್ಲೂ ಇದ್ದ ಒಂದು ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರು ಅಲ್ಲಿ ಬರೆದೇ ಇರಲಿಲ್ಲ! ವರ್ಷಗಳಿಂದ ಎಷ್ಟು ಜನ ಅಲ್ಲೇ ಬಿಟ್ಟು ಹೋದರೋ ಅಂತ ಬೇಜಾರಾಯ್ತು.

ಇನ್ನೊಂದು ವಿಷಯ. 2022ರಿಂದ ಇದು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, 18 ತುಂಬಿದ ಹೊಸಬರೂ ಬರಬಹುದು. ಪಟ್ಟಿಯಲ್ಲಿದ್ದ 'ವಿದ್ಯಾರ್ಥಿ' ಅನ್ನೋ ಪದವನ್ನೆಲ್ಲ ತಿದ್ದಿದೆವು.

ಆಯ್ಕೆಯಾದ ಸುದ್ದಿ ಬಂದ ಮೇಲೆ ಚಾಟ್‌ನಲ್ಲಿ ಪ್ರಶ್ನೆಗಳ ಸುರಿಮಳೆ. ಹೊಸಬರಿಗೆ ಅಂತ ಇಟ್ಟಿದ್ದ ಸಣ್ಣ ಬಗ್‌ಗಳು ಬೇಗ ಖಾಲಿಯಾದವು. ಈಗ ಇನ್ನಷ್ಟು ಹುಡುಕಿ ಬರೆಯುತ್ತಿದ್ದೇವೆ. ಸಮಯ ಕೊಟ್ಟು ಉತ್ತರಿಸಿದ ನಿಮಗೆಲ್ಲ ತುಂಬಾ ಥ್ಯಾಂಕ್ಸ್.